ಚಹಾ ಪೆಟ್ಟಿಗೆಯಿಂದ ಬೇಸ್ ಗಿಟಾರಿನವರೆಗೆ

ಸಂಘದ 40ನೆಯ ವಾರ್ಷಿಕೋತ್ಸವದ ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಸಂಪಾದಕರು ಕೇಳಿದಾಗ, ನಾವು ಎಂದಿನಂತೆ ಹೊಯ್ಸಳರ ಶಿಲ್ಪವನ್ನೋ ವಿಜಯನಗರದ ವೈಭವವನ್ನೋ ಕುರಿತು ಬರೆದುಕೊಡುತ್ತೇವೆಂದು ಅವರು ಎಣಿಸಿದ್ದಿರಬೇಕು. ಹಿಂದಿನ ಸಂಚಿಕೆಗಳಲ್ಲಿ ಅವೆಲ್ಲ ಆಗಿಹೋಗಿವೆ. ಈ ಬಾರಿ ನಾವು ಹೇಳಹೊರಟಿರುವುದು ನಾವೆಲ್ಲ ಬಂದು ನೆಲೆಸಿರುವ ಈ ಇಂಗ್ಲೆಂಡಿನದೇ ಒಂದು ಚಿಕ್ಕ ಚರಿತ್ರೆಯನ್ನು. ಇದರಲ್ಲಿ ರಾಜರಿಲ್ಲ, ಯುದ್ಧವಿಲ್ಲ. ಹದಿನಾಲ್ಕು ಹದಿನೈದು ವರ್ಷದ ಹುಡುಗರು, ಅಗ್ಗದ ಗಿಟಾರುಗಳು ಮತ್ತು ಚಹಾ ಸೊಪ್ಪು ತುಂಬಿ ಬರುತ್ತಿದ್ದ ಖಾಲಿ ಪೆಟ್ಟಿಗೆಗಳು ಇದ್ದಾವೆ, ಅಷ್ಟೆ.

ಪೆಟ್ಟಿಗೆಯಿಂದಲೇ ಆರಂಭಿಸೋಣ. ನಾವಿಬ್ಬರೂ ಈ ದೇಶಕ್ಕೆ ಬಂದಿಳಿದದ್ದು 1974ರ ಚಳಿಗಾಲದಲ್ಲಿ. ನಾಲ್ಕು ವರ್ಷ ಆಸ್ಪತ್ರೆಯ ವಸತಿಗೃಹದಲ್ಲಿ ಕಳೆದು, ಸ್ವಂತದ್ದೊಂದು ಪುಟ್ಟ ಮನೆಗೆ ಹೋಗುವಾಗ ಸಾಮಾನು ಸಾಗಿಸುವವರು ಹತ್ತು ಹನ್ನೆರಡು ಪ್ಲೈವುಡ್ ಪೆಟ್ಟಿಗೆಗಳನ್ನು ತಂದುಕೊಟ್ಟರು. ಅಂಚಿಗೆಲ್ಲ ತಗಡಿನ ಪಟ್ಟಿ, ಒಳಗೆ ಬೆಳ್ಳಿಬಣ್ಣದ ಹಾಳೆ, ಹೊರಗೆ ಕಪ್ಪು ಮಸಿಯಲ್ಲಿ ತೋಟದ ಹೆಸರು, ತೂಕ. ಆ ಕಾಲದಲ್ಲಿ ಬಂದ ನಮ್ಮ ಸದಸ್ಯರಿಗೆಲ್ಲ ಇವು ನೆನಪಿದ್ದೀತು. ಅಸ್ಸಾಮು, ನೀಲಗಿರಿ, ಸಿಲೋನುಗಳಿಂದ ಚಹಾ ಹೊತ್ತು ಹಡಗಿನಲ್ಲಿ ಬಂದ ಈ ಪೆಟ್ಟಿಗೆಗಳು ಖಾಲಿಯಾದ ಮೇಲೆ ಮನೆ ಬದಲಿಸುವವರ ಪಾಲಾಗುತ್ತಿದ್ದವು. ನಮ್ಮ ಇಡ್ಲಿ ತಟ್ಟೆ, ಹಿತ್ತಾಳೆಯ ದೀಪ, ಅಮ್ಮ ಕಟ್ಟಿಕೊಟ್ಟಿದ್ದ ಶ್ಯಾವಿಗೆ ಒರಳು ಎಲ್ಲವೂ ಅವುಗಳಲ್ಲೇ ಪ್ರಯಾಣ ಮಾಡಿದವು. ಒಂದು ಪೆಟ್ಟಿಗೆ ಹೇಗೋ ನಮ್ಮಲ್ಲೇ ಉಳಿದುಹೋಯಿತು. ಗ್ಯಾರೇಜಿನಲ್ಲಿ ಹಳೆಯ ಸುಧಾ, ಮಯೂರ, ತರಂಗಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ನಲವತ್ತು ವರ್ಷ ಮೀರಿ ಕೂತಿತ್ತು.

ಕಳೆದ ವರ್ಷ ಗ್ಯಾರೇಜು ಖಾಲಿ ಮಾಡುವಾಗ ಅದನ್ನು ಎಸೆಯಲೆಂದು ಹೊರಗಿಟ್ಟೆವು. ಪಕ್ಕದ ಮನೆಯ ಹಿರಿಯರು ನಡೆಗೋಲೂರಿಕೊಂಡು ಬಂದವರು ಅದನ್ನು ಕಂಡು ನಿಂತುಬಿಟ್ಟರು. ಬೆರಳ ಗೆಣ್ಣಿನಿಂದ ಅದರ ಬೆನ್ನಿಗೆ ಎರಡು ಸಲ ತಟ್ಟಿ, ಕಿವಿಗೊಟ್ಟು ಕೇಳಿ, “ಇದನ್ನು ಎಸೆಯಬೇಡಿ. ನನ್ನ ಮೊದಲ ವಾದ್ಯ ಇದು” ಎಂದರು. ನಮಗೆ ಅರ್ಥವಾಗಲಿಲ್ಲ. ಅವರು ಜೀವನವಿಡೀ ನಲ್ಲಿ, ಪೈಪು ರಿಪೇರಿಯ ಕೆಲಸ ಮಾಡಿ ನಿವೃತ್ತರಾದವರು. ಇಷ್ಟು ವರ್ಷ ನೆರೆಹೊರೆಯಲ್ಲಿದ್ದೂ ಅವರ ಬಾಯಿಂದ ಸಂಗೀತದ ಮಾತು ಕೇಳಿದವರಲ್ಲ ನಾವು. ಅಂದು ಚಹಾ ಕುಡಿಯುತ್ತ ಅವರು ಹೇಳಿದ ಕಥೆಯೇ ನಮ್ಮನ್ನು ಗ್ರಂಥಾಲಯಕ್ಕೆ ಅಟ್ಟಿದ್ದು.

ಆ ವಾದ್ಯದ ತಯಾರಿ ಹೀಗೆ. ಪೆಟ್ಟಿಗೆಯನ್ನು ಬೋರಲು ಹಾಕಬೇಕು. ಮೇಲೆ ಬಂದ ತಳದ ನಡುವೆ ಒಂದು ತೂತು ಕೊರೆದು, ದಾರ ತೂರಿಸಿ, ಒಳಗಿನಿಂದ ಗಂಟು ಹಾಕಬೇಕು. ದಾರದ ಇನ್ನೊಂದು ತುದಿಯನ್ನು ಪೊರಕೆಯ ಕೋಲಿನ ತಲೆಗೆ ಕಟ್ಟಿ, ಕೋಲಿನ ಬುಡವನ್ನು ಪೆಟ್ಟಿಗೆಯ ಅಂಚಿಗೆ ಊರಬೇಕು. ಒಂದು ಕಾಲನ್ನು ಪೆಟ್ಟಿಗೆಯ ಮೇಲಿಟ್ಟು ಅದು ಅಲುಗದಂತೆ ಒತ್ತಿ ಹಿಡಿದು, ಒಂದು ಕೈಯಲ್ಲಿ ಕೋಲನ್ನು ಹಿಂದಕ್ಕೆ ಎಳೆದರೆ ದಾರ ಬಿಗಿಯಾಗಿ ಸ್ವರ ಏರುತ್ತದೆ, ಸಡಿಲ ಬಿಟ್ಟರೆ ಇಳಿಯುತ್ತದೆ. ಇನ್ನೊಂದು ಕೈಯಿಂದ ಮೀಟುವುದು. ಸಾ-ಪಾಗಳನ್ನು ಸರಿಯಾಗಿ ಹಿಡಿಯುವುದು ದೇವರಿಗೂ ಕಷ್ಟ. ಆದರೆ ದುಂ ದುಂ ಎಂಬ ಮಂದ್ರದ ನಾದ ಮಾತ್ರ ಖಂಡಿತ ಬರುತ್ತದೆ. ಹುಡುಗರಿಗೆ ಬೇಕಾಗಿದ್ದದ್ದು ಅಷ್ಟೇ. ಇದು ಅವರ ಡಬಲ್ ಬೇಸ್.

ಈ ಹುಚ್ಚು ಎಲ್ಲಿಂದ ಬಂತು? ಎರಡನೆಯ ಮಹಾಯುದ್ಧ ಮುಗಿದು ವರ್ಷಗಳಾದರೂ ಬ್ರಿಟನ್ನಿನ ಜನ ರೇಷನ್ ಚೀಟಿಯಲ್ಲೇ ಬದುಕುತ್ತಿದ್ದರು. ಚಹಾದ ರೇಷನ್ ಮುಗಿದದ್ದೇ 1952ರ ಅಕ್ಟೋಬರಿನಲ್ಲಿ. ಡಾಲರ್ ಉಳಿಸಬೇಕೆಂದು ಅಮೆರಿಕದ ವಾದ್ಯಗಳ ಆಮದನ್ನು 1951ರಿಂದ 1959ರವರೆಗೆ ತಡೆದಿದ್ದರು. ಗಿಟಾರ್ ಎಂಬುದು ನೃತ್ಯವಾದ್ಯಮೇಳಗಳ ಹಿಂದಿನ ಸಾಲಿನಲ್ಲಿ ಕೂತ ಒಬ್ಬರ ಕೈಯಲ್ಲಿ ಕಾಣುತ್ತಿತ್ತು, ಅಷ್ಟೆ. ಶಾಸ್ತ್ರೀಯ ಗಿಟಾರಿನ ಸ್ಥಿತಿಯೂ ಅದೇ. ಮುಂದೆ ಜಗದ್ವಿಖ್ಯಾತರಾದ ಜೂಲಿಯನ್ ಬ್ರೀಮ್ (ಜನನ 1933) ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್ ಸೇರಿದಾಗ ಅಲ್ಲಿ ಗಿಟಾರ್ ಪಾಠವೇ ಇರಲಿಲ್ಲ. ಅವರು ಪಿಯಾನೋ ಮತ್ತು ಚೆಲ್ಲೋ ಕಲಿಯಬೇಕಾಯಿತು. ಗಿಟಾರಿಗಾಗಿ ಅವರಿಗಿದ್ದ ಆಸರೆ ಲಂಡನ್ನಿನಲ್ಲಿ ಗಿಟಾರ್ ಪ್ರಿಯರು ತಮ್ಮಷ್ಟಕ್ಕೆ ಕಟ್ಟಿಕೊಂಡಿದ್ದ ಒಂದು ಸಣ್ಣ ಸಂಘ. ತಂದೆ ಮಗನನ್ನು ಅಲ್ಲಿಗೆ ಕರೆದೊಯ್ದಿದ್ದರು. ಕಾಲೇಜು ಕೊಡದಿದ್ದನ್ನು ಸಂಘ ಕೊಟ್ಟಿತು. ಸಂಘ ಕಟ್ಟಿಕೊಂಡು ಕೂತಿರುವ ನಮಗೆ ಇದನ್ನು ಓದಿದಾಗ ಸ್ವಲ್ಪ ಖುಷಿಯೇ ಆಯಿತೆನ್ನಿ.

ಆದರೆ ಸಾವಿರಾರು ಹುಡುಗರ ಕೈಗೆ ಗಿಟಾರ್ ಬಂದದ್ದು ಇನ್ನೊಂದು ದಾರಿಯಿಂದ. ಕೆನ್ ಕೋಲಿಯರ್ ಎಂಬ ಜಾಝ್ ವಾದಕರಿಗೆ ನ್ಯೂ ಆರ್ಲಿಯನ್ಸಿನ ಮೂಲ ಜಾಝ್ ಕೇಳುವ ಹಂಬಲ. ಹಡಗಿನ ಕೆಲಸಕ್ಕೆ ಸೇರಿ 1952ರಲ್ಲಿ ಅಲ್ಲಿ ತಲುಪಿ, ಹಿರಿಯ ಕಪ್ಪು ವಾದಕರ ಜೊತೆ ಕೂತು ನುಡಿಸಿದರು. ವೀಸಾ ಅವಧಿ ಮೀರಿದ್ದಕ್ಕೆ ಜೈಲಿಗೂ ಹೋದರು! (ವೀಸಾದ ಸಂಕಟ ಬಲ್ಲ ನಮ್ಮ ಓದುಗರು ಅವರ ಬಗ್ಗೆ ಕನಿಕರ ಪಡುತ್ತಾರೆಂದು ನಂಬಿದ್ದೇವೆ.) 1953ರಲ್ಲಿ ಮರಳಿದ ಅವರ ಮೇಳದಲ್ಲಿ, ತುತ್ತೂರಿಯವರು ವಿಶ್ರಾಂತಿ ಪಡೆಯುವ ಹೊತ್ತಿನಲ್ಲಿ, ಮೂರ್ನಾಲ್ಕು ಜನ ಗಿಟಾರ್ ಹಿಡಿದು ಅಮೆರಿಕದ ಜನಪದ ಹಾಡುಗಳನ್ನು ಹಾಡುವ ರೂಢಿ ಬಂತು. ಇದಕ್ಕೆ ಅವರ ಅಣ್ಣ ಬಿಲ್ ಕೋಲಿಯರ್ ಇಟ್ಟ ಹೆಸರು ‘ಸ್ಕಿಫ್ಲ್’. 1920ರ ದಶಕದ ಅಮೆರಿಕದಲ್ಲಿ, ಬಾಡಿಗೆ ಕಟ್ಟಲು ಹಣವಿಲ್ಲದ ಬಡವರು ಮನೆಯಲ್ಲೇ ಸಂಗೀತಕೂಟ ನಡೆಸಿ ಬಂದವರಿಂದ ಚಿಲ್ಲರೆ ಕೂಡಿಸುತ್ತಿದ್ದರಲ್ಲ, ಆ ಲೋಕದ ಪದ ಇದು.

ಆ ಮೇಳದಲ್ಲಿ ಬ್ಯಾಂಜೋ ನುಡಿಸುತ್ತಿದ್ದವರು ಲಾನಿ ಡಾನೆಗನ್. ಮೇಳ ಒಡೆದು ಕ್ರಿಸ್ ಬಾರ್ಬರ್ ನೇತೃತ್ವಕ್ಕೆ ಬಂದ ಮೇಲೆ, 1954ರ ಜುಲೈ 13ರಂದು ಡೆಕ್ಕಾ ಕಂಪನಿಯ ಸ್ಟುಡಿಯೋದಲ್ಲಿ ‘ರಾಕ್ ಐಲೆಂಡ್ ಲೈನ್’ ಎಂಬ ರೈಲಿನ ಹಾಡನ್ನು ಹಾಡಿದರು. ಡಾನೆಗನ್ ಗಿಟಾರ್, ಬಾರ್ಬರ್ ಡಬಲ್ ಬೇಸ್, ಬೆರಿಲ್ ಬ್ರೈಡನ್ ಎಂಬ ಗಾಯಕಿ ಬಟ್ಟೆ ಉಜ್ಜುವ ತಗಡಿನ ಹಲಗೆ. ಇದು 1934ರಲ್ಲಿ ಅರ್ಕನ್ಸಾ ರಾಜ್ಯದ ಕೈದಿಗಳಿಂದ ಸಂಗ್ರಹಿಸಿದ ಹಾಡು. ಸಂಗ್ರಹಕಾರರ ಜೊತೆಗಿದ್ದ ಲೆಡ್ ಬೆಲ್ಲಿ ಎಂಬ ಕಪ್ಪು ಗಾಯಕರಿಂದ ಅದು ಹೆಸರಾಗಿತ್ತು. ಬ್ರಿಟನ್ನಿನಲ್ಲಿ ಪ್ರತ್ಯೇಕ ರೆಕಾರ್ಡಾಗಿ ಹೊರಬಂದು 1956ರ ಆರಂಭದಲ್ಲಿ ಜನಪ್ರಿಯತೆಯ ಪಟ್ಟಿಯ ಮೊದಲ ಹತ್ತರೊಳಗೆ ಸೇರಿತು. ಅಮೆರಿಕದಲ್ಲೂ ಹಾಗೆಯೇ ಆಯಿತು. ಡಾನೆಗನ್‌ಗೆ ಸಿಕ್ಕಿದ್ದು ಅಂದಿನ ದಿನಗೂಲಿಯ ಕೆಲವೇ ಪೌಂಡು. ಆದರೆ ರೇಡಿಯೋದಲ್ಲಿ ಕೇಳಿದ ಹುಡುಗರಿಗೆ ಒಂದು ವಿಷಯ ಥಟ್ಟನೆ ಹೊಳೆಯಿತು: ಇದರಲ್ಲಿ ಎರಡು ಮೂರು ಕಾರ್ಡುಗಳಿಗಿಂತ ಹೆಚ್ಚಿಲ್ಲ, ಇದನ್ನು ನಾವೂ ನುಡಿಸಬಹುದು!

ನೆರೆಯ ಹಿರಿಯರು ಹೇಳಿದ್ದೂ ಇದನ್ನೇ. ಅವರ ಬೀದಿಯಲ್ಲಿ ಒಬ್ಬ ಹುಡುಗನಿಗೆ ಗಿಟಾರ್ ಇತ್ತು. ಇನ್ನೊಬ್ಬ ತಾಯಿಯ ಬಟ್ಟೆ ಉಜ್ಜುವ ಹಲಗೆ ಕದ್ದು ತಂದು, ಹೊಲಿಯುವಾಗ ಬೆರಳಿಗೆ ಹಾಕುವ ಲೋಹದ ಟೊಪ್ಪಿಗಳನ್ನು ಧರಿಸಿ ಗರಗರ ಕೆರೆಯುತ್ತಿದ್ದ. ಇವರಿಗೆ ಏನೂ ಇರಲಿಲ್ಲ. ದಿನಸಿ ಅಂಗಡಿಯವನನ್ನು ಕಾಡಿ ಒಂದು ಚಹಾ ಪೆಟ್ಟಿಗೆ ಪಡೆದು ತಂದರು. ಅಷ್ಟರಿಂದಲೇ ಗುಂಪಿನ ಸದಸ್ಯತ್ವ ಸಿಕ್ಕಿತು. ನಿನಗೆ ನುಡಿಸಲು ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲವಂತೆ, ಯಾರಿಗೂ ಬರುತ್ತಿರಲಿಲ್ಲವಲ್ಲ! ಬಸ್ಸಿನ ಕಂಡಕ್ಟರು ಪೆಟ್ಟಿಗೆಯನ್ನು ಮೆಟ್ಟಿಲ ಕೆಳಗೆ ಇಡಲು ಬಿಡುತ್ತಿದ್ದನಂತೆ, ಒಂದು ಹಾಡು ಹಾಡಬೇಕೆಂಬ ಷರತ್ತಿನ ಮೇಲೆ.

ಅಂಥ ಗುಂಪುಗಳು ದೇಶದಲ್ಲಿ 30,000ದಿಂದ 50,000ದಷ್ಟಿದ್ದವೆಂಬ ಅಂದಾಜಿದೆ. ಲಂಡನ್ನಿನ ಸೋಹೋದಲ್ಲಿ, 59 ಓಲ್ಡ್ ಕಾಂಪ್ಟನ್ ಸ್ಟ್ರೀಟಿನ ‘ಟೂ ಐಸ್’ ಕಾಫಿ ಅಂಗಡಿಯ ನೆಲಮಾಳಿಗೆ ಅವರ ಯಾತ್ರಾಸ್ಥಳವಾಯಿತು. 1957ರ ಫೆಬ್ರವರಿಯಲ್ಲಿ ಬಿಬಿಸಿ ‘ಸಿಕ್ಸ್-ಫೈವ್ ಸ್ಪೆಷಲ್’ ಎಂಬ ಸಂಗೀತ ಕಾರ್ಯಕ್ರಮ ಆರಂಭಿಸಿತು. ಅಲ್ಲಿಯವರೆಗೆ ಸಂಜೆ ಆರರಿಂದ ಏಳರವರೆಗೆ ದೂರದರ್ಶನವೇ ಬಂದ್, ಪುಟ್ಟ ಮಕ್ಕಳನ್ನು ಮಲಗಿಸಲಿ ಎಂದು! ಅದೇ ವರ್ಷ ಬರ್ಟ್ ವೀಡನ್ ‘ಪ್ಲೇ ಇನ್ ಎ ಡೇ’ ಎಂಬ ಪುಸ್ತಕ ತಂದರು. ಒಂದೇ ದಿನದಲ್ಲಿ ಗಿಟಾರ್ ಕಲಿತವರು ಯಾರೂ ಇರಲಾರರು, ಆದರೆ ಪುಸ್ತಕ ಹತ್ತು ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. ಕಡ್ಡಾಯ ಸೈನ್ಯಸೇವೆ ಮುಗಿಯುತ್ತ ಬಂದದ್ದೂ ಈ ಹೊತ್ತಿನಲ್ಲೇ: 1939ರ ಅಕ್ಟೋಬರಿನ ನಂತರ ಹುಟ್ಟಿದ ಹುಡುಗರು ಹದಿನೆಂಟಕ್ಕೆ ಬಂದೂಕು ಹಿಡಿಯಬೇಕಾಗಲಿಲ್ಲ. ಗುಂಪುಗಳು ಒಡೆಯದೆ ಉಳಿಯಲು ಇದೂ ಒಂದು ಕಾರಣ.

ಆ ದಿನಗಳ ಒಂದು ಬಿಬಿಸಿ ಚಿತ್ರಣ ಇಂದಿಗೂ ನೋಡಸಿಗುತ್ತದೆ. ಸ್ಕಿಫ್ಲ್ ಗುಂಪಿನ ಒಬ್ಬ ಚಿಕ್ಕ ಹುಡುಗನನ್ನು ನಿರೂಪಕರು ಮುಂದೆ ಏನಾಗುತ್ತೀ ಎಂದು ಕೇಳುತ್ತಾರೆ. ಅವನು ಗಂಭೀರವಾಗಿ, ಜೀವಶಾಸ್ತ್ರದಲ್ಲಿ ಸಂಶೋಧನೆ ಮಾಡಬೇಕೆಂದಿದ್ದೇನೆ ಎನ್ನುತ್ತಾನೆ. ಹುಡುಗ ಜಿಮ್ಮಿ ಪೇಜ್, ಮುಂದೆ ಲೆಡ್ ಝೆಪ್ಲಿನ್ ಕಟ್ಟಿದವರು. ಮಕ್ಕಳನ್ನು ಡಾಕ್ಟರು, ವಿಜ್ಞಾನಿ ಮಾಡಲು ಹೊರಟ ನಮ್ಮಂಥ ತಂದೆತಾಯಿಗಳಿಗೆ ಈ ಚಿತ್ರಣ ನಗು ತರಿಸುತ್ತದೋ ನಡುಕ ಹುಟ್ಟಿಸುತ್ತದೋ ಹೇಳುವುದು ಕಷ್ಟ.

ಇಲ್ಲಿ ಒಬ್ಬ ಹೆಣ್ಣುಮಗಳ ಕಥೆಯನ್ನು ಹೇಳದೆ ಮುಂದೆ ಹೋಗಲಾರೆವು. 1957ರಲ್ಲಿ ಚಾಸ್ ಮೆಕ್‌ಡೆವಿಟ್ ಗುಂಪು ಮತ್ತು ನ್ಯಾನ್ಸಿ ವಿಸ್ಕಿ ಹಾಡಿದ ‘ಫ್ರೈಟ್ ಟ್ರೇನ್’ ಬ್ರಿಟನ್ನಿನ ಮನೆಮನೆಯ ಹಾಡಾಯಿತು. ಅದನ್ನು ರಚಿಸಿದ್ದು ನಾರ್ತ್ ಕರೋಲಿನಾದ ಬಡ ಕಪ್ಪು ಕುಟುಂಬದ ಎಲಿಜಬೆತ್ ಕಾಟನ್, ಇನ್ನೂ ಹುಡುಗಿಯಾಗಿದ್ದಾಗ. ಆಕೆ ಎಡಚಿ. ಬಲಗೈಯವರ ಗಿಟಾರನ್ನೇ ತಿರುಗಿಸಿ ಹಿಡಿದು, ದಪ್ಪ ತಂತಿಗಳ ಮಂದ್ರವನ್ನು ಬೆರಳುಗಳಿಂದಲೂ ಹಾಡಿನ ಮಟ್ಟನ್ನು ಹೆಬ್ಬೆರಳಿನಿಂದಲೂ ನುಡಿಸುವ ತನ್ನದೇ ರೀತಿ ಕಂಡುಕೊಂಡರು. ಗಿಟಾರ್, ಬೇಸ್ ಎರಡೂ ಒಂದೇ ಕೈಯಲ್ಲಿ! ಮದುವೆ, ಸಂಸಾರ, ಮನೆಗೆಲಸಗಳಲ್ಲಿ ದಶಕಗಟ್ಟಲೆ ವಾದ್ಯ ಮುಟ್ಟಲಿಲ್ಲ. ಒಂದು ದೊಡ್ಡ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ, ತಪ್ಪಿಸಿಕೊಂಡಿದ್ದ ಪುಟ್ಟ ಹುಡುಗಿಯನ್ನು ತಾಯಿಗೆ ಒಪ್ಪಿಸಿದರು. ಆ ಮಗು ಪೆಗ್ಗಿ ಸೀಗರ್. ತಾಯಿ ಸಂಗೀತ ರಚನಕಾರ್ತಿ ರೂತ್ ಕ್ರಾಫರ್ಡ್ ಸೀಗರ್. ಅವರ ಮನೆಯಲ್ಲೇ ಕೆಲಸಕ್ಕೆ ಸೇರಿ, ವರ್ಷಗಳ ನಂತರ ಒಂದು ದಿನ ಗೋಡೆಯ ಗಿಟಾರ್ ಕೆಳಗಿಳಿಸಿ ನುಡಿಸಿದಾಗಲೇ ಮನೆಯವರಿಗೆ ಗೊತ್ತಾದದ್ದು. ಪೆಗ್ಗಿ ಆ ಹಾಡನ್ನು ಇಂಗ್ಲೆಂಡಿಗೆ ತಂದರು. ಇಲ್ಲಿ ಅದರ ಹಕ್ಕು ಬೇರೆ ಇಬ್ಬರ ಹೆಸರಿಗೆ ದಾಖಲಾಗಿಬಿಟ್ಟಿತು! ವಿವಾದವೆದ್ದ ಮೇಲೆಯೇ ಕಾಟನ್ ಹೆಸರು ಸೇರಿದ್ದು. 1985ರಲ್ಲಿ, ತೊಂಬತ್ತರ ಆಸುಪಾಸಿನಲ್ಲಿ, ಆಕೆಗೆ ಗ್ರಾಮಿ ಪ್ರಶಸ್ತಿ ಬಂತು. ಮೂರು ಕಾರ್ಡಿನ ಹುಡುಗರು ನಕ್ಕು ನಲಿದು ಹಾಡಿದ್ದರ ಹಿಂದೆ ಕೈದಿಗಳ, ಕೂಲಿಯವರ, ಮನೆಗೆಲಸದವರ ಸಂಗೀತವಿತ್ತು. ಅವರಿಗೆ ಸಲ್ಲಬೇಕಾದದ್ದು ತಡವಾಗಿ ಸಂದಿತು, ಕೆಲವರಿಗೆ ಸಲ್ಲಲೇ ಇಲ್ಲ.

ಇನ್ನು ಲಿವರ್‌ಪೂಲಿಗೆ ಬರೋಣ. ಬೀಟಲ್ಸ್ ಕಥೆ ಎಲ್ಲರಿಗೂ ಗೊತ್ತು, ಅದರ ಸ್ಕಿಫ್ಲ್ ಅಧ್ಯಾಯವಷ್ಟೇ ನಮಗೆ ಬೇಕಾದ್ದು. ಕ್ವಾರಿ ಬ್ಯಾಂಕ್ ಶಾಲೆಯ ಜಾನ್ ಲೆನನ್ 1956ರಲ್ಲಿ ಕಟ್ಟಿದ ‘ಕ್ವಾರಿಮೆನ್’ ಗುಂಪಿನಲ್ಲೂ ಚಹಾ ಪೆಟ್ಟಿಗೆಯೇ ಬೇಸ್. ಒಬ್ಬ ಬಾರದಿದ್ದರೆ ಇನ್ನೊಬ್ಬ ಸ್ನೇಹಿತ ಅದರ ಮೇಲೆ ಕಾಲಿಡುತ್ತಿದ್ದ. ಲೆನನ್‌ಗೆ ಗಿಟಾರಿನ ಶ್ರುತಿ ಕೂಡ ಗೊತ್ತಿರಲಿಲ್ಲ. ತಾಯಿ ಕಲಿಸಿದ ಬ್ಯಾಂಜೋ ಕಾರ್ಡುಗಳನ್ನೇ ಗಿಟಾರಿನ ಮೇಲೆ ಹಿಡಿಯುತ್ತಿದ್ದರು. 1957ರ ಜುಲೈ 6ರಂದು ವೂಲ್ಟನ್ನಿನ ಸೇಂಟ್ ಪೀಟರ್ಸ್ ಚರ್ಚಿನ ಜಾತ್ರೆಯಲ್ಲಿ ಹದಿನೈದರ ಪಾಲ್ ಮೆಕಾರ್ಟ್ನಿ ಇವರಿಗೆ ಸಿಕ್ಕಿದರು. ತಂದೆ ಕೊಟ್ಟ ಟ್ರಂಪೆಟನ್ನು ಕೊಟ್ಟು ಗಿಟಾರ್ ಪಡೆದಿದ್ದ ಪಾಲ್, ಅದನ್ನು ಶ್ರುತಿ ಮಾಡಬಲ್ಲವರಾಗಿದ್ದರು. ಗುಂಪಿಗೆ ಸೇರಿಸಿಕೊಂಡದ್ದಕ್ಕೆ ಅದೂ ಒಂದು ಅರ್ಹತೆ! ಬಿ7 ಎಂಬ ಕಾರ್ಡು ಊರಿನ ಇನ್ನೊಂದು ಮೂಲೆಯಲ್ಲಿ ಯಾರಿಗೋ ಗೊತ್ತಿದೆಯೆಂದು ತಿಳಿದು, ಬಸ್ಸು ಹಿಡಿದು ಹೋಗಿ ಕಲಿತು ಬಂದೆವೆಂದು ಪಾಲ್ ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಗುರುವಿಲ್ಲ, ಶಾಲೆಯಿಲ್ಲ. ಒಬ್ಬನಿಗೆ ಗೊತ್ತಿದ್ದದ್ದು ಹತ್ತು ಜನರಿಗೆ ಹರಡುವ ಬಗೆ ಅದು.

ಅದೇ ವರ್ಷ ಅಕ್ಟೋಬರ್ 18ರಂದು ನ್ಯೂ ಕ್ಲಬ್‌ಮೂರ್ ಹಾಲಿನಲ್ಲಿ ಕ್ವಾರಿಮೆನ್ ಜೊತೆ ಪಾಲ್ ಅವರ ಮೊದಲ ಕಾರ್ಯಕ್ರಮ. ಏಕಾಂಗಿಯಾಗಿ ಗಿಟಾರ್ ನುಡಿಸಬೇಕಾದ ಜಾಗದಲ್ಲಿ ಬೆರಳುಗಳು ಕೈಕೊಟ್ಟು, ಎಲ್ಲರೆದುರು ಎಡವಿದರು. ಮುಖ್ಯ ಗಿಟಾರ್ ನಮ್ಮ ಪಾಲಿನದಲ್ಲ ಎಂದು ಅಂದೇ ಕೈಬಿಟ್ಟರಂತೆ. ಗುಂಪು ಮಾತ್ರ ಅವರನ್ನು ಕೈಬಿಡಲಿಲ್ಲ. ಆ ಸಾಲನ್ನು ಓದಿ ನಾವಿಬ್ಬರೂ ಬಹಳ ಹೊತ್ತು ಸುಮ್ಮನೆ ಕೂತೆವು. ಕಾರಣ ಹೇಳುತ್ತೇವೆ.

1993ರ ರಾಜ್ಯೋತ್ಸವಕ್ಕೆ ಕಾರ್ಯಕ್ರಮ ಆಯ್ಕೆಯ ಹೊಣೆ ನಮ್ಮ ಮೇಲಿತ್ತು. ಸಂಘದ ನಾಲ್ವರು ಹುಡುಗರು ಹತ್ತು ನಿಮಿಷ ಕೇಳಿಕೊಂಡು ಬಂದರು. ಎರಡು ಗಿಟಾರ್, ಒಂದು ಬೇಸ್, ಒಂದು ಡ್ರಮ್ಮು. ಕ್ಯಾಸೆಟ್ಟಿನಲ್ಲಿ ಕೇಳಿ ಕಲಿತ ಕನ್ನಡ ಭಾವಗೀತೆಯೊಂದನ್ನು ನುಡಿಸುತ್ತೇವೆಂದರು. ಕೇಳಿದೆವು. ಶ್ರುತಿ ಸೇರಿರಲಿಲ್ಲ, ಒತ್ತಕ್ಷರಗಳು ಉದುರಿಹೋಗಿದ್ದವು. “ಇದರಲ್ಲಿ ನಮ್ಮ ಸಂಸ್ಕೃತಿ ಎಲ್ಲಿದೆಯಪ್ಪಾ? ಚೆನ್ನಾಗಿ ಅಭ್ಯಾಸ ಮಾಡಿ ಮುಂದಿನ ವರ್ಷ ಬನ್ನಿ” ಎಂದು ಕಳಿಸಿದೆವು. ಮುಂದಿನ ವರ್ಷ ಅವರು ಬರಲಿಲ್ಲ. ಅದರ ಮುಂದಿನ ವರ್ಷವೂ ಇಲ್ಲ. ಬೇಸ್ ಹಿಡಿದಿದ್ದ ಹುಡುಗ ನಮ್ಮ ಮಗನೇ. ಸಂಘದ ಊಟಕ್ಕೆ ಬರುತ್ತಿದ್ದ, ಕಾರ್ಯಕ್ರಮದ ಹೊತ್ತಿಗೆ ಕಾರಿನಲ್ಲಿ ಹೋಗಿ ಕೂರುತ್ತಿದ್ದ. ಆಮೇಲೆ ಊಟಕ್ಕೂ ಬರಲಿಲ್ಲ.

ಅವನು ಬೇಸ್ ಯಾಕೆ ಹಿಡಿದನೋ ಅಂದು ನಾವು ಕೇಳಲಿಲ್ಲ. ಚರಿತ್ರೆ ನೋಡಿದರೆ, ಬೇಸ್ ಹೆಚ್ಚಾಗಿ ಯಾರಿಗೂ ಬೇಡವಾದವರ ಪಾಲಿಗೆ ಬಂದದ್ದು. ತಂತ್ರದ ದೃಷ್ಟಿಯಿಂದ ಅದರ ಬದಲಾವಣೆ ದೊಡ್ಡದು: 1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ‘ಪ್ರಿಸಿಷನ್ ಬೇಸ್’ ತಂದರು. ಆಳೆತ್ತರದ ಡಬಲ್ ಬೇಸಿಗೆ ಪಿಟೀಲಿನಂತೆ ಮೆಟ್ಟಿಲುಗಳಿಲ್ಲ, ಸ್ವರಸ್ಥಾನ ಕಿವಿಯಿಂದಲೇ ಹುಡುಕಬೇಕು. ಫೆಂಡರ್ ಗಿಟಾರಿನ ಆಕಾರಕ್ಕಿಳಿಸಿ, ನಮ್ಮ ವೀಣೆಯಂತೆ ಮೆಟ್ಟಿಲು ಕೂರಿಸಿ, ವಿದ್ಯುತ್ತಿನಿಂದ ಧ್ವನಿ ಏರಿಸಿದರು. ಸ್ವರ ನಿಖರ, ಹೆಗಲಿಗೂ ಹಗುರ. ಆದರೂ ಎದುರು ನಿಂತು ಮೆರೆಯುವ ವಾದ್ಯವಲ್ಲ ಅದು. ತಂಬೂರಿಯ ಹಾಗೆ; ಇದ್ದಾಗ ಯಾರೂ ಗಮನಿಸರು, ನಿಂತರೆ ಎಲ್ಲರಿಗೂ ತಿಳಿಯುತ್ತದೆ.

ಬೀಟಲ್ಸ್ ಗುಂಪಿನಲ್ಲಿ ಮೊದಲು ಆ ಸ್ಥಾನಕ್ಕೆ ಬಂದವರು ಚಿತ್ರಕಾರ ಸ್ಟುವರ್ಟ್ ಸಟ್‌ಕ್ಲಿಫ್. ಪ್ರದರ್ಶನದಲ್ಲಿ ತಮ್ಮ ಚಿತ್ರವೊಂದು ಮಾರಾಟವಾಗಿ ಬಂದ ಹಣದಲ್ಲಿ, ಸ್ನೇಹಿತರ ಒತ್ತಾಯಕ್ಕೆ, 1960ರಲ್ಲಿ ಬೇಸ್ ಗಿಟಾರ್ ಕೊಂಡರು. ಮರುವರ್ಷ ಚಿತ್ರಕಲೆಗೇ ಮರಳಿದರು. 1962ರ ಏಪ್ರಿಲಿನಲ್ಲಿ ಹ್ಯಾಂಬರ್ಗಿನಲ್ಲಿ ಇಪ್ಪತ್ತೊಂದನೆಯ ವಯಸ್ಸಿಗೇ ತೀರಿಕೊಂಡರು. ಅವರು ಬಿಟ್ಟ ಬೇಸ್ ಯಾರಿಗೂ ಬೇಡ. ಪಾಲ್ ಒಪ್ಪಿಕೊಳ್ಳಬೇಕಾಯಿತು. ಅಂದು ಹ್ಯಾಂಬರ್ಗಿನಲ್ಲಿ, ಸುಮಾರು ಮೂವತ್ತು ಪೌಂಡಿಗೆ, ಪಿಟೀಲಿನಾಕಾರದ ಹಾಫ್ನರ್ ಬೇಸ್ ಕೊಂಡರು. ಎಡಚರಾದ ಅವರಿಗೆ ಎರಡೂ ಕಡೆ ಒಂದೇ ಆಕಾರವಿರುವ ವಾದ್ಯ ತಿರುಗಿಸಿ ಹಿಡಿದರೂ ವಿಕಾರವಾಗಿ ಕಾಣುತ್ತಿರಲಿಲ್ಲ. ಆ ವಾದ್ಯ 1972ರಲ್ಲಿ ಲಂಡನ್ನಿನಲ್ಲಿ ನಿಂತಿದ್ದ ವ್ಯಾನಿನಿಂದ ಕಳುವಾಯಿತು. ಅರ್ಧ ಶತಮಾನದ ಮೇಲೆ ಗಿಟಾರ್ ಪ್ರಿಯರು ಹುಡುಕಾಟ ನಡೆಸಿ, ಜನರಿಂದ ಮಾಹಿತಿ ಕೇಳಿ, ಒಂದು ಮನೆಯ ಅಟ್ಟದಲ್ಲಿದ್ದದ್ದನ್ನು ಪತ್ತೆ ಮಾಡಿಸಿದರು. ಅದು ಯಜಮಾನರ ಕೈ ಸೇರಿದ ಸುದ್ದಿ 2024ರ ಫೆಬ್ರವರಿಯಲ್ಲಿ ಪ್ರಕಟವಾಯಿತು.

ಸ್ಕಿಫ್ಲ್ ಹುಚ್ಚು 1958ರ ಹೊತ್ತಿಗೆ ಇಳಿದುಹೋಯಿತು. ಬಹುಪಾಲು ಗುಂಪುಗಳು ಚದುರಿದವು, ಪೆಟ್ಟಿಗೆಗಳು ಸೌದೆಯಾದವು. ಉಳಿದವರು ವಿದ್ಯುತ್ ಗಿಟಾರಿಗೆ ದಾಟಿದರು. ನೆರೆಯ ಹಿರಿಯರ ಗುಂಪು ಒಂದೂವರೆ ವರ್ಷ ಬಾಳಿತಂತೆ. ಚರ್ಚಿನ ಸಭಾಂಗಣದಲ್ಲಿ ಒಂಬತ್ತು ಕಾರ್ಯಕ್ರಮ. ಒಂದಕ್ಕೆ ಮಾತ್ರ ಹಣ ಸಿಕ್ಕಿತು. ಆ ನಾಲ್ವರಲ್ಲಿ ಇಬ್ಬರು ಈಗಿಲ್ಲ. ಉಳಿದ ಇನ್ನೊಬ್ಬರು ಇಂದಿಗೂ ಪ್ರತಿ ಭಾನುವಾರ ಫೋನ್ ಮಾಡುತ್ತಾರೆ.

ಇಷ್ಟನ್ನೂ ಓದಿ ತಿಳಿದುಕೊಂಡ ಮೇಲೆ ಮಗನಿಗೆ ಫೋನ್ ಮಾಡಿದೆವು. ಕ್ಷಮೆ ಕೇಳುವ ಅಭ್ಯಾಸ ನಮ್ಮ ತಲೆಮಾರಿನ ತಂದೆತಾಯಿಗಳಿಗೆ ಇಲ್ಲ. ಸುತ್ತಿ ಬಳಸಿ, ಆ ನಾಲ್ವರಲ್ಲಿ ಹಾಡುತ್ತಿದ್ದ ಹುಡುಗ ಈಗೆಲ್ಲಿದ್ದಾನೆ ಎಂದು ಕೇಳಿದೆವು. ಅವನು ನಕ್ಕು, ಅವರು ನಾಲ್ವರೂ ಇಷ್ಟು ವರ್ಷವೂ ಆಗಾಗ ಸೇರಿ ನುಡಿಸುತ್ತಲೇ ಇದ್ದಾರೆಂದು ಹೇಳಿದ. ನಮಗೆ ತಿಳಿದೇ ಇರಲಿಲ್ಲ! ರಘು ದೀಕ್ಷಿತರು ಶಿಶುನಾಳ ಶರೀಫರ ಪದಗಳನ್ನು ಗಿಟಾರಿನೊಂದಿಗೆ ಹಾಡಿ, 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮಕ್ಕೂ ಮರುವರ್ಷ ಗ್ಲಾಸ್ಟನ್‌ಬರಿ ಉತ್ಸವಕ್ಕೂ ಬಂದಾಗ ಇವರು ಒಟ್ಟಿಗೆ ಕೂತು ನೋಡಿದರಂತೆ. ಶರೀಫರ ಒಂದು ಪದ ಈಗ ಇವರಿಗೂ ಬಾಯಿಪಾಠ. ಒತ್ತಕ್ಷರಗಳ ಬಗ್ಗೆ ನಾವು ಏನೂ ಕೇಳಲಿಲ್ಲ.

ಈ ವಾರ್ಷಿಕೋತ್ಸವದಲ್ಲಿ ಅವರಿಗೆ ಹತ್ತಲ್ಲ, ಹದಿನೈದು ನಿಮಿಷ ಇದೆ. ಮೊಮ್ಮಗಳು ಚಹಾ ಪೆಟ್ಟಿಗೆಯ ಮೇಲೆ ಕಾಲಿಡುತ್ತಾಳಂತೆ. ಮೊನ್ನೆ ಶನಿವಾರ ನೆರೆಯ ಹಿರಿಯರು ಬಂದು ಗ್ಯಾರೇಜಿನಲ್ಲಿ ಕುರ್ಚಿ ಹಾಕಿಕೊಂಡು ಕೂತು, ತೂತು ಎಲ್ಲಿ ಕೊರೆಯಬೇಕೆಂದು ಕೋಲಿನಿಂದ ತೋರಿಸಿದರು. ದಾರ ಯಾವುದು ಆಗಬಹುದೆಂದು ಕೇಳಿದೆವು. ತಾವು ಅಂದು ಬಳಸಿದ್ದು ಅಮ್ಮ ಬಟ್ಟೆ ಒಣಹಾಕುತ್ತಿದ್ದ ಹಗ್ಗವೆಂದೂ, ಆಕೆಗೆ ಅದು ಎಲ್ಲಿ ಹೋಯಿತೆಂದು ಕೊನೆಯವರೆಗೂ ಗೊತ್ತಾಗಲಿಲ್ಲವೆಂದೂ ಹೇಳಿದರು.